ವೇಗದ ಕಾವಲು

ಶ್ರಾವಣದಲ್ಲಿ ಘಟಪ್ರಭೆ ಕೆಮ್ಮಣ್ಣಿನ ಬಣ್ಣ ತಳೆದು ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತಿರುವಾಗ, ಗೋಕಾಕ ಫಾಲ್ಸಿನಲ್ಲಿ ಮಾತನಾಡುವವರೆಲ್ಲರೂ, ಸ್ವಭಾವತಃ ಎಷ್ಟೇ ಸೌಮ್ಯರಾಗಿದ್ದರೂ, ಧ್ವನಿಯನ್ನು ಏರಿಸಿಯೇ ಮಾತನಾಡಬೇಕಾಗುವುದರಿಂದ, ಅಲ್ಲಿಯ ಸಲ್ಲಾಪವೂ ದೂರದಿಂದ ಕೇಳುವವನಿಗೆ ಕಲಹದಂತೆ ತೋರುವುದುಂಟು. ಕೆಳಗಿನದು ಸಲ್ಲಾಪವೋ ಕಲಹವೋ ಎಂಬುದನ್ನು ಓದುಗರೇ ನಿರ್ಣಯಿಸಲಿ. ಅಲ್ಲಿಯ ನೂಲಿನ ಗಿರಣಿಯ ವಿದ್ಯುದಾಗಾರದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತರಾದ ಮಾವ ಒಬ್ಬರು. ಪುಣೆಯಲ್ಲಿ ಉದ್ಯೋಗದಲ್ಲಿದ್ದು, ನಾಗರಪಂಚಮಿಗೆಂದು ಮೋಟರ್ ಸೈಕಲ್ಲಿನ ಮೇಲೆಯೇ ಊರಿಗೆ ಬಂದಿಳಿದ ಸೋದರಳಿಯ ಇನ್ನೊಬ್ಬ. ಅಂಗಳದಲ್ಲಿ ಮಾವನ ಹಳೆಯ ಯೆಜ್ಡಿ ಮೋಟರ್ ಸೈಕಲ್. ಅದರ ಪಕ್ಕದಲ್ಲಿ, ರಾಡಿಯಿಂದ ಅರ್ಧ ಮುಚ್ಚಿದ ಅಳಿಯನ ಹೊಸ ಗಾಡಿ.

ಮಾವ: ಚೈನು ಜೋತುಬಿದ್ದಿದೆಯಲ್ಲೋ ತಮ್ಮಾ. ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಇಂಥ ಚೈನಿನ ಮೇಲೆ ಬಂದೆಯಾ?

ಅಳಿಯ: ಹೊರಡುವಾಗ ಸರಿಯಾಗಿಯೇ ಇತ್ತು, ಮಾಮಾ. ಸರ್ವಿಸಿಂಗಿಗೆ ಇನ್ನೂ ದಿನವಿದೆ. ದಿನ ಬಂದಾಗ ಗಾಡಿಯೇ ಮೀಟರಿನಲ್ಲಿ ಸೂಚನೆ ಕೊಡುತ್ತದೆ.

ಮಾವ: ಮೀಟರು ಕೊಡುವ ಸೂಚನೆ ಕಿಲೋಮೀಟರಿನ ಲೆಕ್ಕದ್ದು, ಮಳೆಯ ಲೆಕ್ಕದ್ದಲ್ಲ. ಒಣ ರಸ್ತೆಯಲ್ಲಿ ಐನೂರು ಕಿಲೋಮೀಟರಿಗೊಮ್ಮೆ ಎಣ್ಣೆ ಕಾಣಿಸಿದರೆ ತಾಳುವ ಚೈನು, ಸಂಕೇಶ್ವರದಿಂದ ಈಚೆ ಎರೆಮಣ್ಣಿನ ರಾಡಿಯಲ್ಲಿ ಒಂದು ದಿನ ಓಡಿದ ಮೇಲೆ ಎಣ್ಣೆಯನ್ನು ಆ ದಿನವೇ ಬೇಡುತ್ತದೆ. ಕೆಳಗಿನ ಸುತ್ತಿನ ನಡುವೆ ಬೆರಳಿಟ್ಟು ಎತ್ತಿ ನೋಡು: ಇಪ್ಪತ್ತರಿಂದ ಮೂವತ್ತು ಮಿಲಿಮೀಟರ್ ಆಟವಿರಬೇಕಾದಲ್ಲಿ ನಿನ್ನದು ಸಲೀಸಾಗಿ ಎರಡು ಬೆರಳಿನಗಲ ಏರುತ್ತಿದೆ. ಯೆಜ್ಡಿ ತಯಾರಿಸಿದ ಮೈಸೂರಿನವರು ನನ್ನ ಗಾಡಿಯ ಚೈನಿಗೆ ಪೂರ್ತಿ ಕವಚ ತೊಡಿಸಿದ್ದರು. ಧೂಳೂ ನೀರೂ ಒಳಹೋಗುತ್ತಿರಲಿಲ್ಲ. ಈಗಿನವರು ಅದನ್ನು ಬಟ್ಟಬಯಲು ಮಾಡಿ, ಚೆಂದ ಕಾಣುತ್ತದೆಂದು ಹೇಳುತ್ತಾರೆ.

ಅಳಿಯ: ಆ ಮೈಸೂರಿನ ಕಾರ್ಖಾನೆ 1961ರಲ್ಲಿ ಜಯಚಾಮರಾಜ ಒಡೆಯರ ಹಸ್ತದಿಂದ ಉದ್ಘಾಟನೆಗೊಂಡು 1996ರಲ್ಲಿ ಬಾಗಿಲು ಹಾಕಿತು, ಮಾಮಾ. ಅದು ಮುಚ್ಚಿ ಮೂರು ದಶಕಗಳಾಗುತ್ತ ಬಂದರೂ ನಿಮ್ಮ ಅಂಗಳದಲ್ಲಿ ಅದು ನಡೆಯುತ್ತಲೇ ಇದೆ. ಏಕೆಂದರೆ ಅದರ ಅರ್ಧ ಕೆಲಸವನ್ನು ನೀವೇ ಮಾಡುತ್ತಿದ್ದೀರಿ. ಲೀಟರ್ ಪೆಟ್ರೋಲಿಗೆ ಸುಮಾರು ನಲವತ್ತು ಮಿಲಿಲೀಟರ್ ಎಣ್ಣೆ ಅಳೆದು ಬೆರೆಸುವುದು, ಪಾಯಿಂಟ್ ಉಜ್ಜುವುದು, ಕರಿಹಿಡಿದ ಪ್ಲಗ್ ಬಿಚ್ಚಿ ಮರಳುಕಾಗದದಿಂದ ತಿಕ್ಕುವುದು, ಸೈಲೆನ್ಸರಿನ ಒಳಗೊಳವೆಯನ್ನು ಎಳೆದು ಬೆಂಕಿಗಿಟ್ಟು ಮಸಿ ಸುಡುವುದು. ಇದನ್ನು ನೀವು ಗಾಡಿಯ ಆರೈಕೆ ಎನ್ನುತ್ತೀರಿ. ನನಗೆ ಇದು ರೋಗಿಯ ಶುಶ್ರೂಷೆಯಂತೆ ಕಾಣುತ್ತದೆ.

ಮಾವ: ಶುಶ್ರೂಷೆಯೇ ಇರಲಿ. ಆದರೆ ರೋಗವೆಲ್ಲಿದೆ ಎಂಬುದು ನನಗೆ ಗೊತ್ತಾಗುತ್ತಿತ್ತು. ಒಮ್ಮೆ ಯಾದವಾಡದ ಆಚೆ ಎಕ್ಸಲೇಟರ್ ಕೇಬಲ್ ತುಂಡಾದಾಗ, ಸೈಕಲ್ ಅಂಗಡಿಯ ಬ್ರೇಕ್ ವೈರನ್ನೇ ಕಾರ್ಬುರೇಟರಿಗೆ ಕಟ್ಟಿ, ಅದರ ತುದಿಯನ್ನು ಕೈಗೆ ಸುತ್ತಿ ಎಳೆಯುತ್ತ ಮೂಡಲಗಿ ದಾಟಿ ಮನೆ ಮುಟ್ಟಿದೆ. ನಿನ್ನ ಗಾಡಿಯಲ್ಲಿ ಕೇಬಲೇ ಇಲ್ಲವಂತೆ, ಹೌದೋ?

ಅಳಿಯ: ಇಲ್ಲ. ಹಿಡಿಯನ್ನು ನಾನು ಎಷ್ಟು ತಿರುಗಿಸಿದೆನೆಂಬುದನ್ನು ಒಂದು ಸೆನ್ಸರ್ ಅಳೆದು ಗಣಕಕ್ಕೆ ತಿಳಿಸುತ್ತದೆ. ಗಣಕದ ಆಜ್ಞೆಯಂತೆ ಪುಟ್ಟದೊಂದು ಮೋಟರು ಗಾಳಿಯ ಬಾಗಿಲನ್ನು ತೆರೆಯುತ್ತದೆ. ಇಷ್ಟಾದ ಮೇಲೆ ಕ್ರೂಸ್ ಕಂಟ್ರೋಲಿಗೆ ಬೇಕಾದದ್ದು ಹೆಚ್ಚೇನೂ ಇಲ್ಲ: ಒಂದು ಗುಂಡಿ, ಕೆಲವು ಸಾಲು ಲೆಕ್ಕ. ಗುಂಡಿ ಒತ್ತಿದಾಗ ಇದ್ದ ವೇಗವನ್ನು ಗಣಕ ನೆನಪಿನಲ್ಲಿಟ್ಟುಕೊಂಡು, ಚಕ್ರದ ವೇಗ ಅದಕ್ಕಿಂತ ಇಳಿದರೆ ಬಾಗಿಲನ್ನು ತೆರೆದು, ಏರಿದರೆ ಮುಚ್ಚಿ, ನಾನು ಹಿಡಿ ಸಡಿಲಿಸಿದರೂ ಗಾಡಿಯನ್ನು ಅದೇ ವೇಗದಲ್ಲಿ ನಡೆಸುತ್ತದೆ. ಬ್ರೇಕನ್ನಾಗಲಿ ಕ್ಲಚ್ಚನ್ನಾಗಲಿ ಮುಟ್ಟಿದೆನೋ, ತಕ್ಷಣ ಬಿಟ್ಟುಕೊಡುತ್ತದೆ. ಹಿಂದೆ ಇದು ಹತ್ತು-ಇಪ್ಪತ್ತು ಲಕ್ಷದ ಗಾಡಿಗಳ ವೈಭವವಾಗಿತ್ತು. 2025ರ ಆಗಸ್ಟಿನಲ್ಲಿ ಹೀರೋದವರು ಗ್ಲಾಮರ್ ಎಕ್ಸ್ ಎಂಬ 125 ಸಿಸಿ ಗಾಡಿಗೇ ಇದನ್ನು ಕೂಡಿಸಿದರು. ಇನ್ನು ಕೆಲವೇ ವರ್ಷಗಳಲ್ಲಿ ಕೊಣ್ಣೂರಿನ ಹಾಲು ಮಾರುವವನ ಗಾಡಿಯಲ್ಲಿಯೂ ಇದು ಇರುತ್ತದೆ.

ಮಾವ: ಇದ್ದು ಅವನೇನು ಮಾಡಬೇಕು? ಕೊಣ್ಣೂರಿನಿಂದ ಘಟಪ್ರಭಾ ಸ್ಟೇಷನ್ನಿನವರೆಗೆ ಒಂದೇ ವೇಗದಲ್ಲಿ ಹೋಗಲು ದೇವರಿಗೂ ಸಾಧ್ಯವಿಲ್ಲ. ಎಮ್ಮೆ ಬರುತ್ತದೆ, ಶಾಲೆ ಬಿಡುತ್ತದೆ, ಉಬ್ಬು ಬರುತ್ತದೆ, ಕಬ್ಬಿನ ಹಂಗಾಮು ಬಂದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ಹಿಂದೆ ಒಂದು ದೀಪವೂ ಇಲ್ಲದೆ ಕತ್ತಲೆಯಲ್ಲಿ ನಿಂತಿರುತ್ತದೆ. ಅಂಥ ರಸ್ತೆಗೆ ಏಕವೇಗದ ಯಂತ್ರವನ್ನು ಮಾರುವುದು, ಬಾವಿಯೇ ಇಲ್ಲದವನಿಗೆ ಹಗ್ಗ ಮಾರಿದಂತೆ.

ಅಳಿಯ: ಈ ರಸ್ತೆಗೆ ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ, ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟ ಮೇಲೆ ಆ ಗುಂಡಿಯನ್ನು ನಾನೂ ಮುಟ್ಟುವುದಿಲ್ಲ. ಆದರೆ ಸಾತಾರೆಯಿಂದ ಕೊಲ್ಲಾಪುರದವರೆಗಿನ ದಾರಿಯನ್ನು ನೆನೆದುಕೊಳ್ಳಿ. ಗಂಟೆಗಟ್ಟಲೆ ಒಂದೇ ಕೋನದಲ್ಲಿ ತಿರುಚಿ ಹಿಡಿದ ಮಣಿಕಟ್ಟು ಮರಗಟ್ಟಿ, ಕಿರುಬೆರಳಿನಲ್ಲಿ ಸ್ಪರ್ಶವೇ ಇಲ್ಲದಂತಾಗಿ, ಬ್ರೇಕ್ ಹಿಡಿಯಬೇಕಾದ ಕ್ಷಣದಲ್ಲಿ ಕೈಗೆ ಬಲವಿರುವುದಿಲ್ಲ. ವೇಗ ಎಂಬತ್ತು ದಾಟಿತೋ ಎಂದು ಮೇಲಿಂದ ಮೇಲೆ ಮೀಟರಿನತ್ತ ಇಣುಕುವ ಕಣ್ಣು ಅಷ್ಟು ಸಾರಿ ರಸ್ತೆಯಿಂದ ತಪ್ಪುತ್ತದೆ. ಆ ಎರಡು ಚಾಕರಿಗಳನ್ನು ಯಂತ್ರಕ್ಕೆ ಒಪ್ಪಿಸಿದರೆ ನನ್ನ ಕಣ್ಣು ಕನ್ನಡಿಗೂ ರಸ್ತೆಗೂ ಮೀಸಲಾಗುತ್ತದೆ. ಇದು ಪ್ರಮಾದವೋ, ಎಚ್ಚರವೋ, ನೀವೇ ಹೇಳಿ.

ಮಾವ: ಎಚ್ಚರವೆಂದು ಆರಂಭವಾಗುತ್ತದೆ, ಎಲ್ಲ ಸುಖಗಳೂ ಹಾಗೆಯೇ ಆರಂಭವಾಗುತ್ತವೆ. ಕೈಗೆ ಕೆಲಸವಿಲ್ಲದಾಗ ಮನಸ್ಸಿಗೂ ಇರುವುದಿಲ್ಲ. ಎಕ್ಸಲೇಟರ್ ಹಿಡಿದ ಕೈ ಸುಮ್ಮನೆ ವೇಗವನ್ನು ಕಾಯುತ್ತಿರುವುದಿಲ್ಲ ತಮ್ಮಾ; ಇಂಜಿನು ಏದುಸಿರು ಬಿಟ್ಟರೆ, ಚಕ್ರದಲ್ಲಿ ಗಾಳಿ ಇಳಿದರೆ, ಎದುರುಗಾಳಿ ಎದ್ದರೆ, ಮೊದಲು ತಿಳಿಯುವುದು ಅಂಗೈಗೆ. ನಿನ್ನ ಯಂತ್ರ ಆ ಸುದ್ದಿಯನ್ನು ನಡುದಾರಿಯಲ್ಲಿಯೇ ತಡೆದು, ತಾನೇ ಒಂದಿಷ್ಟು ಹೆಚ್ಚು ಪೆಟ್ರೋಲ್ ಕುಡಿಸಿ, ನಿನಗೆ ಎಲ್ಲವೂ ಕ್ಷೇಮವೆಂದು ತೋರಿಸುತ್ತದೆ.

ಇಲ್ಲಿ ಅಳಿಯನು ಒಂದು ಕ್ಷಣ ಸುಮ್ಮನಾದನು. ಆದರೆ ಅದು ಸೋತವನ ಮೌನವಾಗಿರಲಿಲ್ಲವೆಂಬುದು ಮುಂದಿನ ಮಾತಿನಿಂದ ಸ್ಪಷ್ಟವಾಗುವುದು.

ಅಳಿಯ: ಮಾಮಾ, ನೀವು ಗಿರಣಿಯಲ್ಲಿ ಕಾಯುತ್ತಿದ್ದದ್ದು ಏನನ್ನು?

ಮಾವ: ಟರ್ಬೈನನ್ನು. ಯಾಕೆ?

ಅಳಿಯ: ಅದರ ವೇಗವನ್ನು ನೀವು ಕೈಯಿಂದ ಹಿಡಿದು ನಿಲ್ಲಿಸುತ್ತಿದ್ದಿರೋ?

ಮಾವ: ಕೈಯಿಂದ ಹೇಗೆ ಸಾಧ್ಯ? ಗವರ್ನರ್ ಇರುತ್ತಿತ್ತು. ಮೇಲೆ ಗಿರಣಿಯಲ್ಲಿ ಒಂದು ಖಾತೆಯ ಯಂತ್ರಗಳು ನಿಂತರೆ ಭಾರ ಇಳಿಯುತ್ತದೆ. ಭಾರ ಇಳಿದರೆ ಟರ್ಬೈನು ಓಟ ಕೀಳುತ್ತದೆ. ಆಗ ಗವರ್ನರ್ ನೀರಿನ ಬಾಗಿಲನ್ನು ಕಿರಿದು ಮಾಡುತ್ತದೆ. ಯಂತ್ರಗಳು ಮತ್ತೆ ಹೊರಟರೆ ಹಿರಿದು ಮಾಡುತ್ತದೆ. ಹಾಗಿಲ್ಲದಿದ್ದರೆ ನೂಲೂ ನಿಲ್ಲುವುದಿಲ್ಲ, ದೀಪವೂ ನಿಲ್ಲುವುದಿಲ್ಲ.

ಅಳಿಯ: ನಿಮ್ಮ ಗವರ್ನರಿಗೂ ನನ್ನ ಗುಂಡಿಗೂ ವಂಶ ಒಂದೇ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಎರಡು ಗುಂಡುಗಳ ಗವರ್ನರ್ ಜೋಡಿಸಿದ. ವೇಗ ಹೆಚ್ಚಿದಂತೆ ಗುಂಡುಗಳು ಹೊರಕ್ಕೆ ಹಾರಿ ಉಗಿಯ ಬಾಗಿಲನ್ನು ಎಳೆದು ಮುಚ್ಚುತ್ತಿದ್ದವು. ಇಲ್ಲಿ ನೀರು, ಅಲ್ಲಿ ಉಗಿ, ನನ್ನಲ್ಲಿ ಗಾಳಿ ಮತ್ತು ಪೆಟ್ರೋಲ್. ಗೋಕಾಕದ ಗಿರಣಿ ಕಂಪನಿ 1885ರಲ್ಲಿ ಹುಟ್ಟಿದಂದಿನಿಂದ ಈ ಊರು ಅನ್ನ ಉಂಡದ್ದು ವೇಗವನ್ನು ಯಂತ್ರದ ಕೈಗೆ ಕೊಟ್ಟು. ಅದೇ ಊರಿನವರಾದ ನೀವು ನನ್ನ ಗುಂಡಿಯನ್ನು ಶಂಕಿಸುವುದು ನ್ಯಾಯವಲ್ಲ.

ಮಾವ: ವಂಶ ಒಂದೇ ಆದರೂ ಮನೆತನ ಬೇರೆ. ಟರ್ಬೈನು ನೆಲಕ್ಕೆ ಬೋಲ್ಟ್ ಬಿಗಿದುಕೊಂಡು ಕೂತಿರುತ್ತದೆ. ಅದರ ಮುಂದೆ ಎಮ್ಮೆ ಅಡ್ಡ ಬರುವುದಿಲ್ಲ. ಅಷ್ಟಾಗಿಯೂ ಅದರ ಎದುರಿಗೆ ಹಗಲೂ ರಾತ್ರಿಯೂ ಒಬ್ಬ ಮನುಷ್ಯನನ್ನು ನಿಲ್ಲಿಸಿದ್ದರು. ಗವರ್ನರ್ ವೇಗವನ್ನು ಕಾಯುತ್ತಿತ್ತು. ಗವರ್ನರನ್ನು ನಾನು ಕಾಯುತ್ತಿದ್ದೆ. ಬೇರಿಂಗಿನ ಮೇಲೆ ಕೈಯಿಟ್ಟು ಬಿಸಿ ನೋಡುತ್ತಿದ್ದೆ, ಎಣ್ಣೆಯ ಮಟ್ಟ ನೋಡುತ್ತಿದ್ದೆ, ದನಿ ಕೇಳುತ್ತಿದ್ದೆ. ನೀನು ಗುಂಡಿ ಒತ್ತಿದ ಮೇಲೆ ಯಾವುದನ್ನು ಕಾಯುತ್ತೀ? ಚೈನನ್ನಂತೂ ಕಾದಂತೆ ಕಾಣಲಿಲ್ಲ.

ಅಳಿಯ: ಆ ಚೈನಿನ ಮಾತನ್ನು ಇನ್ನೆಷ್ಟು ಸಾರಿ ಎತ್ತುವಿರಿ!

ಮಾವ: ಬಿಗಿಯುವವರೆಗೆ.

ಅಳಿಯ: ಇರಲಿ. ಈ ಉಪಕರಣದ ಹುಟ್ಟಿನ ಕಥೆ ನಿಮಗೆ ರುಚಿಸೀತು. ಇದನ್ನು ಮೋಟರುಗಾಡಿಗೆ ಅಳವಡಿಸಿದವನು ಅಮೆರಿಕದ ರಾಲ್ಫ್ ಟೀಟರ್ ಎಂಬ ಇಂಜಿನಿಯರ್. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡವನು. ಅವನ ವಕೀಲ ಕಾರು ನಡೆಸುವಾಗ ತಾನು ಮಾತನಾಡುತ್ತಿದ್ದರೆ ನಿಧಾನಿಸುತ್ತಲೂ, ಇವನ ಮಾತು ಕೇಳುತ್ತಿದ್ದರೆ ವೇಗ ಹೆಚ್ಚಿಸುತ್ತಲೂ ಇದ್ದನಂತೆ. ಆ ಓಲಾಟವನ್ನು ಸಹಿಸಲಾರದೆ ಟೀಟರ್ ವೇಗವನ್ನು ಕಾಯುವ ಯಂತ್ರವನ್ನು ರೂಪಿಸಿ 1950ರಲ್ಲಿ ಪೇಟೆಂಟ್ ಪಡೆದ. 1958ರಲ್ಲಿ ಕ್ರೈಸ್ಲರ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಮನುಷ್ಯನ ಕೈ ನೀವು ನಂಬುವಷ್ಟು ನಂಬಿಕಸ್ತವಲ್ಲವೆಂಬುದನ್ನು ಕಂಡುಕೊಂಡವನು ಕಣ್ಣಿಲ್ಲದವನು, ಮಾಮಾ. ಕಣ್ಣಿದ್ದವರಿಗೆ ಅದು ಕಂಡಿರಲಿಲ್ಲ.

ಮಾವ: ಒಳ್ಳೆಯ ಕಥೆ. ಆದರೆ ಅವನು ಕೂತದ್ದು ನಾಲ್ಕು ಚಕ್ರದ ಗಾಡಿಯಲ್ಲಿ, ನಡೆಸುವವನ ಪಕ್ಕದಲ್ಲಿ. ನಾಲ್ಕು ಚಕ್ರದ ಗಾಡಿ ತಾನಾಗಿ ನಿಲ್ಲುತ್ತದೆ. ಎರಡು ಚಕ್ರದ್ದನ್ನು ನಿಲ್ಲಿಸಿರುವುದು ನೀನು. ನೀನು ಬಂದ ಹೆದ್ದಾರಿಯ ತವಂದಿ ಘಾಟಿನ ತಿರುವಿನಲ್ಲಿ ಮಳೆ ಹನಿದು, ಲಾರಿ ಚೆಲ್ಲಿದ ಡೀಸೆಲ್ ಕಾಮನಬಿಲ್ಲಿನಂತೆ ಹರಡಿ, ಹಿಂದಿನ ಚಕ್ರ ಕೊಂಚ ಜಾರಿದ ಕ್ಷಣದಲ್ಲಿ, ನನ್ನ ಕೈಯಾದರೆ ತಾನಾಗಿ ಎಕ್ಸಲೇಟರ್ ಇಳಿಸುತ್ತದೆ. ನಿನ್ನ ಗಣಕ ವೇಗ ಕಾಯುತ್ತೇನೆಂದು ಇನ್ನಷ್ಟು ತಿರುವಿದರೆ?

ಅಳಿಯ: ನನ್ನ ಗಾಡಿಯಲ್ಲಿ ಚಕ್ರ ಜಾರಿದರೆ ಗಣಕಕ್ಕೆ ತಿಳಿಯುತ್ತದೆ, ಎರಡೂ ಚಕ್ರಗಳ ವೇಗವನ್ನು ಅದು ಹೋಲಿಸುತ್ತಲೇ ಇರುತ್ತದೆ, ಜಾರಿದಾಗ ಬಿಟ್ಟುಕೊಡುತ್ತದೆ. ಆದರೂ ಮಳೆಯಲ್ಲಿ, ಘಾಟಿನಲ್ಲಿ, ಗುಂಡಿಯನ್ನು ಒತ್ತಬಾರದು. ಗಾಡಿಯ ಜೊತೆ ಬರುವ ಪುಸ್ತಕದಲ್ಲಿಯೇ ಆ ಎಚ್ಚರಿಕೆಯಿರುತ್ತದೆ.

ಮಾವ: ಪುಸ್ತಕ ಓದುವವರು ಎಷ್ಟು ಮಂದಿ? ಮೊನ್ನೆ ಒಬ್ಬ ಹುಡುಗ ತನ್ನ ಸಾಧಾರಣ ಗಾಡಿಯ ಹಿಡಿಗೆ ರಬ್ಬರಿನ ಉಂಗುರ ಬಿಗಿದುಕೊಂಡು ಬಂದು, ನನ್ನದೂ ಕ್ರೂಸೇ ಎಂದ. ನಮ್ಮ ಕಾಲದ ಬುಲೆಟ್ಟಿನ ಹಿಡಿಯಲ್ಲಿಯೂ ಅದನ್ನು ಬಿಗಿ ಮಾಡುವ ಸ್ಕ್ರೂ ಒಂದಿತ್ತು. ಅದೇ ಪುರಾತನ ಉಪಾಯ. ಅದು ವೇಗವನ್ನು ಹಿಡಿಯುವುದಿಲ್ಲವೋ, ಬಾಗಿಲನ್ನು ಹಿಡಿಯುತ್ತದೆ. ಏರು ಬಂದರೆ ಗಾಡಿ ಸೊರಗುತ್ತದೆ, ಇಳಿಜಾರು ಬಂದರೆ ಹಾರುತ್ತದೆ, ಬ್ರೇಕ್ ಹಿಡಿದರೂ ಇಂಜಿನು ಎಳೆಯುತ್ತಲೇ ಇರುತ್ತದೆ. ಗವರ್ನರ್ ಇಲ್ಲದೆ ನೀರಿನ ಬಾಗಿಲಿಗೆ ಕಲ್ಲು ಕೊಟ್ಟು ನಿಲ್ಲಿಸಿದವನನ್ನು ನಮ್ಮಲ್ಲಾಗಿದ್ದರೆ ಆ ದಿನವೇ ಮನೆಗೆ ಕಳಿಸುತ್ತಿದ್ದರು.

ಅಳಿಯ: ಅದರಲ್ಲಿ ನಿಮ್ಮ ಪಕ್ಷವೇ ನನ್ನದು. ಆ ಉಂಗುರವನ್ನು ನಾನಾದರೂ ಕಿತ್ತೆಸೆಯುತ್ತಿದ್ದೆ.

ಹೀಗೆ ಒಂದು ವಿಷಯದಲ್ಲಿ ಐಕಮತ್ಯ ಉಂಟಾದುದನ್ನು ಕಂಡು ವಾದ ಮುಗಿಯಿತೆಂದು, ಪಕ್ಕದಲ್ಲಿ ಕೇಳುತ್ತ ಕೂತಿದ್ದ ನಾನು ಭಾವಿಸಿದ್ದೆ. ಆದರೆ ಮಾವನವರ ದೃಷ್ಟಿ ಅಷ್ಟರಲ್ಲಿ ಹೊಸ ಗಾಡಿಯ ಹಿಂಭಾಗಕ್ಕೆ ಸರಿದಿತ್ತು.

ಮಾವ: ಸೀರೆ ಗಾರ್ಡ್ ಎಲ್ಲಿ?

ಅಳಿಯ: ತೆಗೆಸಿದೆ. ನೋಟಕ್ಕೆ ಚೆನ್ನಾಗಿರಲಿಲ್ಲ.

ಮಾವ: ನೋಟಕ್ಕೆಂದು ಅದನ್ನು ಹಾಕಿರಲಿಲ್ಲ. ಹಿಂದೆ ಕೂತವಳ ಸೆರಗು ಚಕ್ರಕ್ಕೆ ಸಿಗದಿರಲೆಂದು ಈ ದೇಶದ ನಿಯಮವೇ ಅದನ್ನು ಕಡ್ಡಾಯ ಮಾಡಿದೆ. ಈ ಸೈಲೆನ್ಸರ್ ಕೂಡ ಕಂಪನಿಯದಲ್ಲ. ನೀನು ಸೇತುವೆಯ ಹತ್ತಿರ ಬರುವಾಗಲೇ, ಜಲಪಾತದ ಸದ್ದನ್ನೂ ಮೀರಿ ನನಗೆ ಗೊತ್ತಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಓದಿರುವೆಯೋ ಇಲ್ಲವೋ? 2019ರ ತಿದ್ದುಪಡಿಯ ತರುವಾಯ ಇಂಥ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ.

ಅಳಿಯ: ಓದಿದ್ದೇನೆ. 175 ಸಿಸಿ ಮೀರಿದ ಗಾಡಿಗೆ 80 ಡೆಸಿಬೆಲ್ ಮಿತಿ ಎಂಬುದನ್ನೂ ಓದಿದ್ದೇನೆ. ಆದರೆ ನ್ಯಾಯ ಒಂದೇ ತಕ್ಕಡಿಯಲ್ಲಿ ತೂಗಲಿ. ಹಾಲಿನವನು ಗಾಡಿಯ ಎರಡೂ ಕಡೆ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿ ನಾಲ್ಕು ಕ್ಯಾನ್ ತೂಗುಹಾಕುತ್ತಾನೆ. ಹ್ಯಾಂಡಲಿಗಿಂತ ಅಗಲವಾಗಿ ಚಾಚಿದ ಆ ಚೌಕಟ್ಟು ಸಂದಿಯಲ್ಲಿ ಎದುರು ಬಂದವನ ಮೊಣಕಾಲನ್ನು ಮುರಿಯಬಲ್ಲದು. ಹುಲ್ಲಿನ ಹೊರೆಗೆ, ಔಷಧ ಸಿಂಪಡಿಸುವ ಡ್ರಮ್ಮಿಗೆ, ಐಸ್ ಕ್ಯಾಂಡಿ ಪೆಟ್ಟಿಗೆಗೆ, ಒಂದೊಂದಕ್ಕೂ ಒಂದೊಂದು ಕಟ್ಟು. ಗೋಕಾಕ ತಾಲೂಕಿನಲ್ಲಿ ಕಂಪನಿ ಕೊಟ್ಟ ರೂಪದಲ್ಲಿಯೇ ಉಳಿದ ಗಾಡಿಯನ್ನು ಹುಡುಕಿದರೆ ಸಿಗುವುದು ಕಷ್ಟ. ಅವರನ್ನು ಯಾರೂ ಮಾಡಿಫಿಕೇಷನ್ ಮಾಡಿದವರೆನ್ನುವುದಿಲ್ಲ. ನನ್ನನ್ನು ಮಾತ್ರ ಅನ್ನುತ್ತಾರೆ.

ಮಾವ: ಅವನದು ಹೊಟ್ಟೆಪಾಡು.

ಅಳಿಯ: ಮುರಿದ ಮೊಣಕಾಲಿಗೆ ಹೊಟ್ಟೆಪಾಡಿನ ಕಾರಣ ಹೇಳಿದರೆ ನೋವು ಕಡಿಮೆಯಾಗುತ್ತದೆಯೇ? ಅದಿರಲಿ, ಯೆಜ್ಡಿಯ ಸೈಲೆನ್ಸರಿನ ಒಳಗೊಳವೆಯನ್ನು ಕಿತ್ತು ಮನೆಯಲ್ಲಿಟ್ಟು, ಜೋಡಿ ಸೈಲೆನ್ಸರಿನ ಢಣಢಣ ಸದ್ದಿನಲ್ಲಿ ಗೋಕಾಕ ಪೇಟೆಯ ಕರದಂಟಿನ ಅಂಗಡಿಗಳ ಮುಂದೆ ಸುತ್ತುತ್ತಿದ್ದವರು ಯಾರೋ ಒಬ್ಬರಿದ್ದರಂತೆ. ಅತ್ತೆ ಹೇಳುತ್ತಿದ್ದರು.

ಮಾವ: ಮಸಿ ಸುಡಲು ತೆಗೆದದ್ದನ್ನು ಮರಳಿ ಹಾಕಲು ಕೆಲವು ದಿನ ತಡವಾಗುತ್ತಿತ್ತು, ಅಷ್ಟೇ.

ಅಳಿಯ: ಎಷ್ಟು ವರ್ಷ ತಡವಾಯಿತು?

ಇದಕ್ಕೆ ಉತ್ತರ ಬರಲಿಲ್ಲ. ಮಾವನವರು ಎದ್ದು ಹೋಗಿ, ಹದಿನಾಲ್ಕರ ಪಾನಾ, ಒಂದು ಚಿಂದಿ ಬಟ್ಟೆ, ತೊಂಬತ್ತು ನಂಬರಿನ ಎಣ್ಣೆಯ ಡಬ್ಬಿ, ಒಂದು ತಟ್ಟೆಯಲ್ಲಿ ಸೀಮೆಎಣ್ಣೆ, ಇಷ್ಟನ್ನು ತಂದು, ಯಾರ ಅನುಮತಿಯನ್ನೂ ಕೇಳದೆ ಹೊಸ ಗಾಡಿಯ ಹಿಂದೆ ಕುಕ್ಕುರುಗಾಲಿನಲ್ಲಿ ಕೂತರು. ಮಾತು ಅಲ್ಲಿಂದ ಮುಂದುವರಿಯಿತು.

ಅಳಿಯ: ತಂತಿಯ ಬ್ರಷ್ ಬೇಡ ಮಾಮಾ, ಈ ಚೈನಿನ ಕೊಂಡಿಗಳ ನಡುವೆ ರಬ್ಬರಿನ ಉಂಗುರಗಳಿವೆ, ಹರಿದರೆ ಒಳಗಿನ ಗ್ರೀಸ್ ಹೋಗುತ್ತದೆ. ಪೆಟ್ರೋಲ್ ಕೂಡ ತಾಗಿಸಬಾರದು.

ಮಾವ: ಅದಕ್ಕೇ ಸೀಮೆಎಣ್ಣೆ ತಂದದ್ದು. ನನಗೂ ಅಷ್ಟು ಗೊತ್ತು. ನಿನಗೂ ಗೊತ್ತಿದೆಯೆಂಬುದು ಈಗ ತಿಳಿಯಿತು. ಗೊತ್ತಿದ್ದೂ ಮಾಡಲಿಲ್ಲವೆಂಬುದೂ ತಿಳಿಯಿತು. 2019ರ ಆಗಸ್ಟಿನಲ್ಲಿ ಲೋಳಸೂರ ಸೇತುವೆಯ ಮೇಲೆ ಹೊಳೆ ಹರಿದು ಗೋಕಾಕದ ಓಣಿಗಳಲ್ಲಿ ನೀರು ನಿಂತಿತಲ್ಲ, ಆಗ ಗಾಡಿಗಳು ಸೀಟಿನವರೆಗೆ ಮುಳುಗಿದ್ದವು. ನೀರಿಳಿದ ಮೇಲೆ ಆತುರಗಾರರು ನೇರವಾಗಿ ಕಿಕ್ ಹೊಡೆದರು, ಸೆಲ್ಫ್ ಒತ್ತಿದರು. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಅದನ್ನು ಅದುಮಲಾರದು, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಪ್ಲಗ್ ಬಿಚ್ಚಿ ನೀರು ಉಗುಳಿಸಿ, ಎಣ್ಣೆ ಬದಲಿಸಿ, ಫಿಲ್ಟರ್ ಒಣಗಿಸಿ ಎರಡು ದಿನ ಕಾಯ್ದವರ ಗಾಡಿ ಉಳಿಯಿತು. ಅಂದು ಉಳಿಸಿದ್ದು ಯಾವ ಗುಂಡಿ?

ಅಳಿಯ: ತಾಳ್ಮೆ ಉಳಿಸಿತು, ಒಪ್ಪಿದೆ. ಆದರೆ ತಾಳ್ಮೆಯನ್ನು ದಿನವೂ ಪ್ಲಗ್ ಉಜ್ಜುವುದಕ್ಕೆ ಖರ್ಚು ಮಾಡಬೇಕೇಕೆ? ನಿಮಗೆ ಗಾಡಿ ಒಂದು ವಿದ್ಯೆ. ನನಗೆ ಅದು ದಾರಿ; ಊರಿಗೆ ಬರುವ ದಾರಿ. ನಾನು ಉಳಿಸಿದ ಒಂದೊಂದು ಆಯಾಸವನ್ನೂ ಇಲ್ಲಿ ಬಂದು ಖರ್ಚು ಮಾಡುತ್ತೇನೆ. ಮೊದಲು ಪುಣೆಯಿಂದ ಬಂದವನೇ ಮಲಗಿಬಿಡುತ್ತಿದ್ದೆ. ಈಗ ಬಂದ ಸಂಜೆಯೇ ನಿಮ್ಮೊಡನೆ ವಾದಕ್ಕೆ ಕೂತಿದ್ದೇನೆ.

ಮಾವ: ಅದು ಲಾಭದ ಲೆಕ್ಕದಲ್ಲಿ ಬರೆಯಬೇಕಾದದ್ದೋ ನಷ್ಟದ ಲೆಕ್ಕದಲ್ಲಿಯೋ ತಿಳಿಯದು. ಆ ಕಡೆಯ ನಟ್ ಸಡಿಲಿಸು. ಎರಡೂ ಕಡೆಯ ಗೆರೆ ಸಮನಾಗಿರಲಿ, ಇಲ್ಲದಿದ್ದರೆ ಚಕ್ರ ಓರೆ ನಿಲ್ಲುತ್ತದೆ.

ಅಳಿಯ: ಸಮನಾಯಿತು. ಒಂದು ಮಾತು ಕೇಳುತ್ತೇನೆ. ನಾಳೆ ಬೆಳಗ್ಗೆ, ಮಳೆ ಬಿಟ್ಟರೆ, ಸಂಕೇಶ್ವರದವರೆಗೆ ಹೋಗಿ ಅಲ್ಲಿಂದ ಬೆಳಗಾವಿಯ ದಿಕ್ಕಿಗೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಬರೋಣ. ನಾನು ಹಿಂದೆ ಕೂರುತ್ತೇನೆ, ನೀವು ನಡೆಸಿ. ಗುಂಡಿಯನ್ನು ನೀವೇ ಒತ್ತಿ.

ಮಾವ: ಬೇಡ, ನಾನೇ ಹಿಂದೆ ಕೂರುತ್ತೇನೆ, ನಿನ್ನ ಆ ಟೀಟರನ ಹಾಗೆ. ನೀನು ಮಾತನಾಡುವಾಗ ಗಾಡಿ ನಿಧಾನವಾಗುತ್ತದೋ ಇಲ್ಲವೋ ನೋಡಬೇಕು. ಗುಂಡಿ ಒತ್ತಿ ಒಂದಿಷ್ಟು ದೂರ, ಒತ್ತದೆ ಒಂದಿಷ್ಟು ದೂರ. ಯಾವಾಗ ಒತ್ತಿದೆ, ಯಾವಾಗ ಬಿಟ್ಟೆ ಎಂಬುದನ್ನು ನನಗೆ ಹೇಳಕೂಡದು.

ಅಳಿಯ: ಗೊತ್ತು ಹಿಡಿಯದಿದ್ದರೆ?

ಮಾವ: ಹಿಡಿಯದಿದ್ದರೆ ಯಂತ್ರ ಒಳ್ಳೆಯದೆನ್ನುತ್ತೇನೆ. ರಸ್ತೆ ಒಳ್ಳೆಯದೆಂದು ಮಾತ್ರ ಅನ್ನಿಸಬೇಡ. ಮತ್ತೆ, ಸೋಮವಾರ ನಿನ್ನ ಅತ್ತೆ ಇದೇ ಗಾಡಿಯ ಮೇಲೆ ಗೋಕಾಕಕ್ಕೆ ಬರುತ್ತಾಳಂತೆ. ಸೀರೆ ಗಾರ್ಡ್ ಪುಣೆಯಲ್ಲಿದೆಯೋ, ಚೀಲದಲ್ಲಿದೆಯೋ?

ಅಳಿಯ: ಪುಣೆಯಲ್ಲಿದೆ. ಇಲ್ಲಿಯೇ ಗ್ಯಾರೇಜಿನಲ್ಲಿ ಒಂದನ್ನು ಹಾಕಿಸುತ್ತೇನೆ. ಸೈಲೆನ್ಸರ್ ಮಾತ್ರ ದೀಪಾವಳಿಯವರೆಗೆ ಬದಲಿಸುವುದಿಲ್ಲ.

ಮಾವ: ಪೊಲೀಸರು ಹಿಡಿದರೆ ನನ್ನ ಹೆಸರು ಹೇಳಬೇಡ.

ಅಳಿಯ: ಹೇಳುವುದಿಲ್ಲ. ಆ ಪಾನಾ ಇತ್ತ ಕೊಡಿ, ಈ ನಟ್ ಇನ್ನೂ ಅರ್ಧ ಸುತ್ತು ತಿರುಗಬೇಕು.